ಮೋಟರ್‌ಹೋಮ್‌ನಲ್ಲಿ ಬಟ್ಟೆ ಒಣಗಿಸಲು: ಹೊರಗಿನ ಹಗ್ಗವೋ, ಒಳಗಿನ ಬಾತ್‌ರೂಮೋ?

ಬಿಸಿಲು, ಗಾಳಿ ಎರಡೂ ಇದ್ದರೆ ಹೊರಗಿನ ಹಗ್ಗವೇ ಸರಿ. ಖರ್ಚಿಲ್ಲ, ತೇವ ಗಾಡಿಯೊಳಗೆ ಸೇರುವುದಿಲ್ಲ. ಹಗ್ಗವನ್ನು ಆನಿಂಗ್‌ನ (ಗಾಡಿಯ ಪಕ್ಕಕ್ಕೆ ಬಿಚ್ಚಿ ಚಾಚುವ ನೆರಳು ಚಪ್ಪರದ) ತೋಳಿಗೆ ಕಟ್ಟಲೇಬೇಡಿ. ಒದ್ದೆ ಜೀನ್ಸ್‌ ಭಾರಕ್ಕೆ ಗಾಳಿಯೂ ಸೇರಿದರೆ ತೋಳು ಬಾಗೀತು.

ಮಳೆಯಲ್ಲಿ, ರಾತ್ರಿಯಲ್ಲಿ ಬಾತ್‌ರೂಮ್ ವಾಸಿ. ಅಡ್ಡಕಂಬಿಗೆ ಹ್ಯಾಂಗರ್‌ಗಳನ್ನು ನಾಲ್ಕು ಬೆರಳು ಅಂತರದಲ್ಲಿ ತೂಗುಹಾಕಿ. ಚಾವಣಿಯ ಫ್ಯಾನ್ ಗಾಳಿಯನ್ನು ಹೊರದೂಡುವಂತಿರಲಿ, ಬಾಗಿಲು ಎರಡು ಬೆರಳಷ್ಟು ತೆರೆದಿರಲಿ, ದೂರದ ಒಂದು ಕಿಟಕಿಯೂ ಕೊಂಚ ತೆರೆದಿರಲಿ. ಗಾಳಿ ಒಳಬರಲು ದಾರಿಯೇ ಇಲ್ಲದಿದ್ದರೆ ಫ್ಯಾನ್ ಬರೀ ಸದ್ದು ಮಾಡುತ್ತದೆ, ಬೆಳಿಗ್ಗೆ ಬಟ್ಟೆಯೆಲ್ಲ ಮುಗ್ಗಲು ವಾಸನೆ. ಗ್ಯಾಸ್ ಒಲೆ ಹಚ್ಚಿ ಒಣಗಿಸುವುದಂತೂ ಬೇಡವೇ ಬೇಡ: 1 ಕಿಲೋ ಗ್ಯಾಸ್ ಉರಿದರೆ ಸುಮಾರು 1.5 ಲೀಟರ್ ನೀರು ಆವಿಯಾಗಿ ಒಳಗೇ ಸೇರುತ್ತದೆ, ಕಾರ್ಬನ್ ಮಾನಾಕ್ಸೈಡ್ ಅಪಾಯ ಬೇರೆ.

ಎಲ್ಲಿ ಒಣಹಾಕಿದರೂ, ಮೊದಲು ಹಿಂಡಿದ ಬಟ್ಟೆಯನ್ನು ಒಣ ಟವೆಲ್‌ನಲ್ಲಿ ಸುರುಳಿ ಸುತ್ತಿ ಚೆನ್ನಾಗಿ ತುಳಿಯಿರಿ.