ಐ5-9600ಕೆ, 4.7 ಗಿಗಾಹರ್ಟ್ಸ್ ಮತ್ತು ಕಲಬುರಗಿಯ ಮೇ ತಿಂಗಳು

ಇಂಟೆಲ್ ಕೋರ್ ಐ5-9600ಕೆ 2018ರ ಕೊನೆಗೆ ಬಂದ ಪ್ರೊಸೆಸರ್. ಆರು ಕೋರ್, ಬೇಸ್ ಸ್ಪೀಡ್ 3.7 ಗಿಗಾಹರ್ಟ್ಸ್, ಒಂದೇ ಕೋರ್ ಓಡುವಾಗ 4.6ರವರೆಗೆ ಹೋಗುತ್ತದೆ. ನಾನು ಇದನ್ನು ಎಲ್ಲ ಕೋರ್‌ಗಳಲ್ಲೂ 4.7ಕ್ಕೆ ಓವರ್‌ಕ್ಲಾಕ್ ಮಾಡಿ, ಅಂದರೆ ಕಂಪನಿ ಇಟ್ಟ ಸ್ಪೀಡ್‌ಗಿಂತ ಜಾಸ್ತಿ ಓಡಿಸಿ, ಮದುವೆ ವಿಡಿಯೊ ಎಡಿಟಿಂಗ್‌ಗೆ ವರ್ಷಗಳಿಂದ ಬಳಸುತ್ತಿದ್ದೇನೆ. ನಮ್ಮ ಕಡೆ ಮದುವೆಗಳು ಜಾಸ್ತಿ ಏಪ್ರಿಲ್, ಮೇನಲ್ಲೇ. ಅಂದರೆ ಕಲಬುರಗಿಯಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುವ ಹೊತ್ತಿಗೇ ಈ ಕಂಪ್ಯೂಟರ್‌ಗೂ ಪುರಸೊತ್ತಿಲ್ಲದ ಕೆಲಸ. ಎಸಿ ರೂಮಿನಲ್ಲಿ ಮಾಡಿದ ಟೆಸ್ಟ್ ನೋಡಿ ನಾವು ಏನೂ ತೀರ್ಮಾನ ಮಾಡೋಕಾಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಚಳಿಗಾಲದಲ್ಲಿ ತಕರಾರೇ ಇಲ್ಲ. ಬೇಸಿಗೆಯಲ್ಲಿ ಮಾತ್ರ ರೆಂಡರ್ (ಎಡಿಟ್ ಆದ ವಿಡಿಯೊವನ್ನು ಕೊನೆಯ ಫೈಲ್ ಮಾಡುವ ಕೆಲಸ) ಶುರುವಾಗಿ ಸ್ವಲ್ಪ ಹೊತ್ತು 4.7ರಲ್ಲಿ ಓಡಿ, ಆಮೇಲೆ ಸ್ಪೀಡ್ ದಿಢೀರನೆ 3ರ ಆಸುಪಾಸಿಗೆ ಬೀಳುತ್ತಿತ್ತು, ಮತ್ತೆ ಏರುತ್ತಿತ್ತು, ಮತ್ತೆ ಬೀಳುತ್ತಿತ್ತು. ಅಂಗಡಿಯವರು "ಬ್ಯಾಸಗಿ ಅದ ರೀ ಸರ್, ಲಿಕ್ವಿಡ್ ಕೂಲರ್ ಹಾಕ್ರಿ" ಅಂದರು. ಆದರೆ ಕಂಪ್ಯೂಟರ್‌ನ ಬಿಸಿ, ಸ್ಪೀಡ್ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್ ತೆರೆದು ನೋಡಿದರೆ ಕೋರ್‌ಗಳು 85 ಡಿಗ್ರಿ ದಾಟಿರಲಿಲ್ಲ. ಈ ಚಿಪ್ ಬಿಸಿಗೆ ತಾನಾಗಿ ಸ್ಪೀಡ್ ಇಳಿಸುವುದು 100 ಡಿಗ್ರಿಯಲ್ಲಿ. ಅಂದಮೇಲೆ ತಪ್ಪು ಕೂಲರ್‌ದಲ್ಲ, ಅಲ್ವಾ?

ಅದೇ ಸಾಫ್ಟ್‌ವೇರ್‌ನಲ್ಲಿ ಕೆಳಗೆ ಹೋದರೆ 'ಲಿಮಿಟ್ ರೀಸನ್ಸ್' ಅಂತ ಕೆಲವು ಸಾಲುಗಳಿವೆ. ಸ್ಪೀಡ್ ಯಾಕೆ ಇಳಿಯಿತು ಅನ್ನುವುದಕ್ಕೆ ಉತ್ತರ ಅಲ್ಲೇ ಸಿಗುತ್ತದೆ. ಕೋರ್ ಬಿಸಿಯಾದರೆ ಒಂದು ಸಾಲು, ಪವರ್ ಲಿಮಿಟ್ ತಾಗಿದರೆ ಇನ್ನೊಂದು, ವಿಆರ್ ಥರ್ಮಲ್ ಅಲರ್ಟ್ ಮತ್ತೊಂದು. ನನ್ನ ಮಷೀನ್‌ನಲ್ಲಿ 'ಯೆಸ್' ತೋರಿಸುತ್ತಿದ್ದುದು ಈ ಕೊನೆಯದು. ಇಲ್ಲಿ ವಿಆರ್ ಅಂದರೆ ವಿಆರ್‌ಎಂ, ಪ್ರೊಸೆಸರ್ ಕೂರುವ ಸಾಕೆಟ್ ಪಕ್ಕದಲ್ಲಿರುವ, 12 ವೋಲ್ಟ್‌ನ್ನು ಒಂದೂಕಾಲು ವೋಲ್ಟ್ ಆಸುಪಾಸಿಗೆ ಇಳಿಸಿ ಪ್ರೊಸೆಸರ್‌ಗೆ ಕೊಡುವ ಭಾಗ. ಅದೇ ಕಾದು ಹೋಗುತ್ತಿತ್ತು. ಪ್ರೊಸೆಸರ್ ಮೇಲೆ ನಾನು ಹಾಕಿರುವ ಟವರ್ ಕೂಲರ್ (ಎತ್ತರದ, ಫ್ಯಾನ್ ಇರುವ ಕೂಲರ್) ಗಾಳಿಯನ್ನು ಅಡ್ಡಕ್ಕೆ, ಹಿಂದಕ್ಕೆ ತಳ್ಳುತ್ತದೆ, ಬೋರ್ಡ್ ಮೇಲೆ ನೇರವಾಗಿ ಗಾಳಿ ಬೀಳುವುದಿಲ್ಲ. ಲಿಕ್ವಿಡ್ ಕೂಲರ್ ಹಾಕಿದ್ದರೆ ಸಾಕೆಟ್ ಸುತ್ತ ಆಡುವ ಇಷ್ಟು ಗಾಳಿಯೂ ತಪ್ಪುತ್ತಿತ್ತು, ದುಡ್ಡೂ ದಂಡ.

ಒಂದು ಚಿಕ್ಕ ಫ್ಯಾನ್‌ನ್ನು ನೇರವಾಗಿ ವಿಆರ್‌ಎಂ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಮೇಲೆ ಗಾಳಿ ಬೀಳುವಂತೆ ಕಟ್ಟಿದೆ. ಅರ್ಧ ಸಮಸ್ಯೆ ಅಲ್ಲಿಗೇ ಹೋಯಿತು. ಉಳಿದರ್ಧ ಬಯಾಸ್‌ನಲ್ಲಿತ್ತು, ಅಂದರೆ ಬೋರ್ಡ್‌ನ ಸೆಟ್ಟಿಂಗ್ಸ್ ಇರುವ ಜಾಗದಲ್ಲಿ. ವೋಲ್ಟೇಜ್ ಆಟೊದಲ್ಲಿ ಬಿಟ್ಟರೆ ಬೋರ್ಡ್‌ಗಳು ಬೇಕಾದ್ದಕ್ಕಿಂತ ಜಾಸ್ತಿ ಕೊಡುತ್ತವೆ, ನನ್ನದು 1.35ರ ಹತ್ತಿರ ಕೊಡುತ್ತಿತ್ತು. ಸ್ವಲ್ಪ ಸ್ವಲ್ಪವೇ ಇಳಿಸುತ್ತಾ, ಪ್ರತಿ ಸಲ ಸಿನೆಬೆಂಚ್ ಅನ್ನುವ ಟೆಸ್ಟ್ ಸಾಫ್ಟ್‌ವೇರ್ ಓಡಿಸಿ ನೋಡುತ್ತಾ 1.25ಕ್ಕೆ ತಂದೆ. ಪವರ್ ವೋಲ್ಟೇಜಿನ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಏರಿಳಿಯುವುದರಿಂದ ಇಷ್ಟಕ್ಕೇ ಲೆಕ್ಕದ ಪ್ರಕಾರ ಸುಮಾರು 14 ಪರ್ಸೆಂಟ್ ಕಡಿಮೆಯಾಗುತ್ತದೆ, ಸ್ಪೀಡ್ ಮಾತ್ರ ಅದೇ 4.7. ನಿಮ್ಮ ಚಿಪ್ 1.25ರಲ್ಲಿ ನಿಲ್ಲದೇ ಇರಬಹುದು, ಎಲ್ಲ ಚಿಪ್ ಒಂದೇ ಥರ ಇರಲ್ಲ. ಎವಿಎಕ್ಸ್ ಅಂದರೆ ಪ್ರೊಸೆಸರ್‌ಗೆ ಜಾಸ್ತಿ ಭಾರ ಹಾಕುವ ಒಂದು ಬಗೆಯ ಲೆಕ್ಕಾಚಾರ; ಅದಕ್ಕೆ ಆಫ್‌ಸೆಟ್ 2 ಇಟ್ಟಿದ್ದೇನೆ, ಆ ಥರದ ಭಾರದ ಕೆಲಸದಲ್ಲಿ ತಾನೇ 4.5ಕ್ಕೆ ಇಳಿಯುತ್ತದೆ.

ರೂಮಿನ ವಿಷಯ. ರೂಮ್ ಎಷ್ಟು ಡಿಗ್ರಿ ಏರುತ್ತದೋ ಒಳಗೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ನಮ್ಮದು ಒಣ ಬಿಸಿಲಾದ್ದರಿಂದ ರೂಮಿಗೆ ಇಡುವ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದರ ಮುಖ ಕ್ಯಾಬಿನೆಟ್ ಕಡೆ ತಿರುಗಿಸಬೇಡಿ, ಹನಿ ಹಾರಿ ಬೋರ್ಡ್ ಮೇಲೆ ಕೂತರೆ ಕಥೆ ಮುಗಿದ ಹಾಗೆ. ಧೂಳಂತೂ ಕೇಳಲೇಬೇಡಿ. ತೊಗರಿ ರಾಶಿ ಮುಗಿಯುವಷ್ಟರಲ್ಲಿ ಫಿಲ್ಟರ್ ಮುಚ್ಚಿಹೋಗಿರುತ್ತದೆ. ಬೇಸಿಗೆ ಶುರುವಾಗುವ ಮೊದಲು ಪೂರ್ತಿ ಬಿಚ್ಚಿ ಬ್ಲೋವರ್ ಹೊಡೆದು ಪ್ರೊಸೆಸರ್ ಮತ್ತು ಕೂಲರ್ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಬದಲಿಸುತ್ತೇನೆ.

ಈಗ ಮೇನಲ್ಲೂ ರೆಂಡರ್, ಎವಿಎಕ್ಸ್ ಕೆಲಸ ಬಿಟ್ಟರೆ, ಪೂರ್ತಿ 4.7ರಲ್ಲೇ ಮುಗಿಯುತ್ತದೆ. ಪ್ರೊಸೆಸರ್‌ಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಹೈಪರ್‌ಥ್ರೆಡಿಂಗ್ (ಒಂದು ಕೋರ್ ಒಟ್ಟಿಗೆ ಎರಡು ಕೆಲಸ ಹಿಡಿಯುವ ಸೌಲಭ್ಯ) ಇಲ್ಲದ್ದರಿಂದ 4ಕೆ ಎಡಿಟಿಂಗ್‌ನಲ್ಲಿ ತಿಣುಕಾಡುತ್ತದೆ, ಒಂದು ಅಂಕ ಅದಕ್ಕೇ ಹೋಯಿತು. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಚಿಪ್ ಜೊತೆಗೆ ಬರುವ ಬೋರ್ಡ್ ಮೇಲೆ ವಿಆರ್‌ಎಂಗೆ ದಪ್ಪ ಹೀಟ್‌ಸಿಂಕ್ ಇದೆಯಾ ಅಂತ ಮೊದಲು ನೋಡಿ, ರೇಟಿನ ಮಾತು ಆಮೇಲೆ.