ಬಟನ್‌ಗೆ ಟೇಪ್ ಸುತ್ತಿರುವ ಪ್ರೆಸ್‌ನಲ್ಲಿ ಕೆಲಸ ಮಾಡಬೇಡಿ

ಊರಿಂದ ಬಂದು ಪೀಣ್ಯದಲ್ಲಿ ಪ್ರೆಸ್ ಶಾಪ್ ಕೆಲಸಕ್ಕೆ ಸೇರುವ ಹುಡುಗರು ಇದನ್ನು ಓದಲೇಬೇಕು. ಕಂಪನಿ ಹೆಸರು ಹಾಕುವುದಿಲ್ಲ, ಅಲ್ಲಿ ಇನ್ನೂ ನಮ್ಮವರು ದುಡಿಯುತ್ತಿದ್ದಾರೆ.

ಪವರ್ ಪ್ರೆಸ್ ಅಂದರೆ ಲೋಹದ ತಗಡನ್ನು ಒತ್ತಿ ಆಕಾರಕ್ಕೆ ತರುವ ಮಷೀನ್. ಅದಕ್ಕೆ ಎರಡು ಬಟನ್ ಕೊಟ್ಟಿರುತ್ತಾರೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಸ್ಟ್ರೋಕ್ ಬೀಳಬೇಕು, ಅಂದರೆ ಮೇಲಿನ ಭಾಗ ಕೆಳಗೆ ಬಡಿಯಬೇಕು. ಎರಡು ಕೈಯೂ ಬಟನ್ ಮೇಲಿದ್ದರೆ ಡೈ (ಪೀಸ್ ಕೂರುವ ಅಚ್ಚು) ಒಳಗೆ ಕೈ ಹೋಗುವುದಿಲ್ಲ ಅನ್ನುವುದೇ ಅದರ ಲೆಕ್ಕ. ನಮ್ಮಲ್ಲಿ ಎಡಗಡೆ ಬಟನ್ ಒತ್ತಿದ ಹಾಗೇ ಇರಲಿ ಅಂತ ಟೇಪ್ ಸುತ್ತಿದ್ದರು. ಒಂದು ಕೈ ಪೀಸ್ ಇಡುತ್ತದೆ, ಇನ್ನೊಂದು ಕೈ ಬಟನ್ ಒತ್ತುತ್ತದೆ, ಗಂಟೆಗೆ ಪೀಸ್ ಜಾಸ್ತಿ. ಸೂಪರ್‌ವೈಸರ್‌ಗೂ ಗೊತ್ತು, ಮಾಲೀಕರಿಗೂ ಗೊತ್ತು. ಪೀಸ್ ಎತ್ತಲು ಕೊಟ್ಟಿದ್ದ ಚಿಮಟ ಟೂಲ್ ಬಾಕ್ಸ್‌ನಲ್ಲೇ ಬಿದ್ದಿತ್ತು.

ನಾನು ಪಕ್ಕದ ಡ್ರಿಲ್ಲಿಂಗ್ ಮಷೀನ್‌ನಲ್ಲಿದ್ದೆ. ಪ್ರೆಸ್‌ನಲ್ಲಿದ್ದವನು ಕೊಪ್ಪಳದ ಕಡೆಯ ಹುಡುಗ. ಟೇಪ್ ಕಿತ್ತು ಹಾಕೋ ಅಂದರೆ, "ತಗದ್ರ ಟಾರ್ಗೆಟ್ ಆಗಂಗಿಲ್ಲ ಅಣ್ಣ, ನಾಳಿಂದ ಬರಬ್ಯಾಡ ಅಂತಾರ" ಅನ್ನುತ್ತಿದ್ದ. ಸುಳ್ಳಲ್ಲ, ಹಾಗೇ ಹೇಳುತ್ತಿದ್ದರು.

ಒಂದು ನೈಟ್ ಶಿಫ್ಟ್‌ನಲ್ಲಿ ಪೀಸ್ ಸ್ವಲ್ಪ ವಾರೆಯಾಗಿ ಕೂತಿತು. ಸರಿ ಮಾಡಲು ಎಡಗೈ ಒಳಗೆ ಹೋಯಿತು, ರೂಢಿಯಲ್ಲಿದ್ದ ಬಲಗೈ ಬಟನ್ ಒತ್ತಿಬಿಟ್ಟಿತು. ಅದು ಹಳೇ ಕ್ಲಚ್ ಪ್ರೆಸ್. ಒಮ್ಮೆ ಕ್ಲಚ್ ಹಿಡಿದರೆ ಒಂದು ಸುತ್ತು ಮುಗಿಯದೆ ನಿಲ್ಲುವುದಿಲ್ಲ, ನಡುವೆ ಸ್ವಿಚ್ ಆಫ್ ಮಾಡಿದರೂ ಅಷ್ಟೇ. ತೋರು ಬೆರಳು, ನಡು ಬೆರಳು ಎರಡೂ ಹೋದವು.

ಆಮೇಲೆ ನಡೆದದ್ದು ಇನ್ನೂ ಕೆಟ್ಟದ್ದು. ಯಾರೋ ಬೆರಳುಗಳನ್ನು ನೇರ ಐಸ್ ಒಳಗೆ ಹಾಕಿದರು. ಹಾಗೆ ಮಾಡಬಾರದಂತೆ. ಒದ್ದೆ ಮಾಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರ್‌ಗೆ ಹಾಕಿ ಕಟ್ಟಿ, ಆ ಕವರನ್ನು ಐಸ್ ಮೇಲೆ ಇಡಬೇಕು. ನಮ್ಮ ಹುಡುಗನದು ಜಜ್ಜಿಹೋಗಿತ್ತು, ಹೇಗೂ ಕೂಡುತ್ತಿರಲಿಲ್ಲ ಅಂದರು ಡಾಕ್ಟರ್. ಆದರೆ ಎಲ್ಲರದೂ ಹಾಗಿರುವುದಿಲ್ಲ ಅಲ್ವಾ?

ಕಾಂಟ್ರಾಕ್ಟರ್ ಅವನನ್ನು ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಆಸ್ಪತ್ರೆಗೆ ಕರೆದೊಯ್ಯಲಿಲ್ಲ. ಒಂದು ಸಣ್ಣ ನರ್ಸಿಂಗ್ ಹೋಮ್‌ಗೆ ಸೇರಿಸಿ, "ಬೈಕಿಂದ ಬಿದ್ದೆ ಅನ್ನು, ಖರ್ಚೆಲ್ಲ ನಾವ್ ನೋಡ್ಕೋತೀವಿ" ಅಂದ. ಕಾರಣ ಆಮೇಲೆ ತಿಳಿಯಿತು. ಸಂಬಳದಲ್ಲಿ ಇಎಸ್‌ಐ ಅಂತ ಹಿಡಿಯುತ್ತಿದ್ದ, ಆದರೆ ಹುಡುಗನ ಹೆಸರಲ್ಲಿ ನಂಬರೇ ಇರಲಿಲ್ಲ. ಡ್ರೆಸ್ಸಿಂಗ್ ಮುಗಿಯುವವರೆಗೆ ದುಡ್ಡು ಕೊಟ್ಟರು, ಆಮೇಲೆ ಫೋನ್ ಎತ್ತಲಿಲ್ಲ. ಕೇಸ್ ಶೀಟ್‌ನಲ್ಲಿ ರಸ್ತೆ ಅಪಘಾತ ಅಂತ ಬರೆದಾಗಿತ್ತು. ಅದು ಸುಳ್ಳು ಅಂತ ತೋರಿಸಲು ಪಟ್ಟ ಪಾಡು ದೇವರಿಗೇ ಪ್ರೀತಿ.

ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದರೆ ಇಎಸ್‌ಐಗೆ ನಿಮ್ಮಿಂದ 0.75%, ಮಾಲೀಕರಿಂದ 3.25% ಹೋಗಬೇಕು. ಕೆಲಸದಲ್ಲಿ ಗಾಯವಾದರೆ ಮೊದಲ ದಿನದ ಕೆಲಸಗಾರನಿಗೂ ಹಕ್ಕಿದೆ, ಕಾಂಟ್ರಾಕ್ಟ್‌ನವರಿಗೂ ಇದೆ. ಗಾಯದಿಂದ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸಂಬಳದ 90% ಬರುತ್ತದೆ. ಬೆರಳು ಹೋದರೆ ಪಟ್ಟಿಯ ಪ್ರಕಾರ ಲೆಕ್ಕ: ಒಂದೇ ಕೈಯ ಎರಡು ಬೆರಳಿಗೆ ಆ 90%ರಲ್ಲಿ 20%. 15,000 ಸಂಬಳದವನಿಗೆ ಸುಮಾರು 2,700 ರೂಪಾಯಿ, ಪ್ರತಿ ತಿಂಗಳು, ಬದುಕಿರುವವರೆಗೆ. ಗಂಟೆಗೆ ನಾಲ್ಕು ಪೀಸ್ ಜಾಸ್ತಿ ಬರಲಿ ಅಂತ ಮಾಡಿದ್ದಕ್ಕೆ ಸಿಕ್ಕ ಬೆಲೆ ಇದು. ಅದೂ ಕಾಗದ ಸರಿ ಇದ್ದರೆ ಮಾತ್ರ.

ಹಾಗಾಗಿ ಸೇರಿದ ವಾರವೇ ಇಎಸ್‌ಐ ನಂಬರ್ ಕೇಳಿ ಇಸ್ಕೊಳ್ಳಿ. ಏನಾದರೂ ಆದರೆ ಡಾಕ್ಟರ್ ಹತ್ತಿರ "ಫ್ಯಾಕ್ಟರಿ ಮಷೀನ್‌ನಲ್ಲಿ ಆಯಿತು" ಅಂತಲೇ ಹೇಳಿ, ಬರೆಸಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ. ಟೇಪ್ ಸುತ್ತಿದ ಬಟನ್ ಕಂಡರೆ ಒಂದು ಫೋಟೊ ತೆಗೆದು ಮನೆಯವರ ಫೋನ್‌ಗೆ ಕಳಿಸಿಡಿ. ನಮ್ಮಲ್ಲಿ ಬೆಳಿಗ್ಗೆ ಶಿಫ್ಟ್ ಬರುವಷ್ಟರಲ್ಲಿ ಆ ಟೇಪ್ ಇರಲಿಲ್ಲ.