ಅಗ್ಗದ ಇಂಕ್ ಪೆನ್ನಿನ ನಿಬ್ಬಿಗೆ ಸಾಣೆ: ಕೊಟ್ಟ ಹಣಕ್ಕೆ ತಕ್ಕುದೇ?

ಕೆಲವು ನೂರು ರೂಪಾಯಿಗೆ ಸಿಗುವ ಇಂಕ್ ಪೆನ್ನಿನ ನಿಬ್ಬನ್ನು ನಮ್ಮ ಕೈಬರಹಕ್ಕೆ ಒಗ್ಗುವಂತೆ ಸಾಣೆ ಹಿಡಿಸಲು ಹೊರಟರೆ ಕೂಲಿಯೇ ಪೆನ್ನಿನ ಬೆಲೆಯನ್ನು ಮೀರುತ್ತದೆ. ಹಾಗಿದ್ದರೂ ಕಾರವಾರದಿಂದ ನನ್ನ ಜಿನ್‌ಹಾವ್ ಎಕ್ಸ್ 750 ಪೆನ್ನನ್ನು ಹೊರ ಊರಿನ ಕುಶಲಕರ್ಮಿಯೊಬ್ಬರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ಕೆಲಸ ಮಾಡಿಸಿಕೊಂಡೆ. ಆ ಹಣ ವ್ಯರ್ಥವಾಗಿಲ್ಲ. ಆದರೆ ಎಲ್ಲ ಅಗ್ಗದ ಪೆನ್ನುಗಳಿಗೂ ಇದೇ ಮಾತನ್ನು ಹೇಳಲಾರೆ.

ಅವರು ಮೊದಲು ಮಾಡಿದ್ದು ನಿಬ್ಬಿನ ಸೀಳಿನ ಎರಡೂ ಕವಲುಗಳನ್ನು ಒಂದೇ ಮಟ್ಟಕ್ಕೆ ತಂದದ್ದು. ಅಗ್ಗದ ಪೆನ್ನು ಕಾಗದವನ್ನು ಕೆರೆಯಲು ಬಹುಪಾಲು ಇದೇ ಕಾರಣವಾಗಿದ್ದು, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿಯಲ್ಲಿ ಈ ಏರುಪೇರು ಸ್ಪಷ್ಟವಾಗಿ ಕಾಣುತ್ತದೆ. ನಿಬ್ಬು ಉಕ್ಕಿನದಾದರೂ ಅದರ ತುದಿಯಲ್ಲಿ ಗಟ್ಟಿ ಮಿಶ್ರಲೋಹದ ಪುಟ್ಟ ಗುಂಡು ಇರುವುದರಿಂದ, ಇಷ್ಟು ಸರಿಪಡಿಸಿದರೆ ಸಾಕು, ಪೆನ್ನು ನುಣುಪಾಗಿ ಓಡುತ್ತದೆ.

ಎರಡನೆಯ ಕೆಲಸ ಮೀಡಿಯಂ ತುದಿಯನ್ನು ಸ್ಟಬ್, ಅಂದರೆ ಅಡ್ಡಕ್ಕೆ ಅಗಲವಾದ ಚಪ್ಪಟೆ ತುದಿ, ಆಗಿಸಿದ್ದು. ಸ್ಟಬ್ ನಿಬ್ಬಿನಲ್ಲಿ ಮೇಲಿನಿಂದ ಕೆಳಗಿಳಿಯುವ ಗೆರೆ ದಪ್ಪವಾಗಿಯೂ ಅಡ್ಡಗೆರೆ ತೆಳುವಾಗಿಯೂ ಬೀಳುತ್ತದೆ. ಕನ್ನಡದ ರ, ಠ, ಬ ಮುಂತಾದ ದುಂಡಕ್ಷರಗಳಲ್ಲಿ ಪಕ್ಕಗಳು ತುಂಬಿಕೊಂಡು ತಲೆ ಮತ್ತು ಬುಡ ಸಣ್ಣಗಾಗುವುದನ್ನು ನೋಡುವುದೇ ಒಂದು ಸಂತೋಷ. ಆದರೆ ನಮ್ಮ ಅಕ್ಷರಗಳಲ್ಲಿ ಕೈ ಪದೇ ಪದೇ ಮೇಲಕ್ಕೆ ತಿರುಗುತ್ತದೆಯಾದ್ದರಿಂದ, ಚೂಪು ಅಂಚಿನ ಇಟಾಲಿಕ್ ನಿಬ್ಬು ಅಲ್ಲಿ ಕಾಗದಕ್ಕೆ ಸಿಕ್ಕಿಕೊಳ್ಳುತ್ತದೆ. ಅಂಚುಗಳನ್ನು ಉರುಟಾಗಿಸಿದ ಸ್ಟಬ್ಬೇ ಕನ್ನಡಕ್ಕೆ ಹೊಂದುತ್ತದೆ. ಅಗಲವೂ ಮಿತಿಯಲ್ಲಿರಬೇಕು, ಇಲ್ಲವಾದರೆ ಕೆಳಗಿನ ಒತ್ತಕ್ಷರಗಳು ಮಸಿಯಲ್ಲಿ ಮುಚ್ಚಿಹೋಗುತ್ತವೆ.

ಮಸಿಯ ಹರಿವನ್ನು ಹೆಚ್ಚಿಸುವ ಸಲಹೆಯನ್ನು ನಾನು ಒಪ್ಪಲಿಲ್ಲ. ಮಳೆಗಾಲದಲ್ಲಿ ಇಲ್ಲಿ ಕಪಾಟಿನೊಳಗಿನ ನೋಟ್‌ಬುಕ್ಕೂ ತೇವ ಹೀರಿಕೊಂಡಿರುತ್ತದೆ, ಅಂಥ ಹಾಳೆಯ ಮೇಲೆ ಹೆಚ್ಚು ಮಸಿ ಬಿಡುವ ಪೆನ್ನಿನ ಗೆರೆ ಹರಡಿಕೊಳ್ಳುತ್ತದೆ. ಕರಾವಳಿಯವರು ಈ ಮಾತನ್ನು ಮೊದಲೇ ತಿಳಿಸುವುದು ಒಳ್ಳೆಯದು.

ಸಾಣೆಯು ಇದ್ದ ಲೋಹವನ್ನು ಸವೆಸುತ್ತದೆಯೇ ಹೊರತು ಹೊಸದನ್ನು ಸೇರಿಸುವುದಿಲ್ಲ. ಹಾಗಾಗಿ 0.3 ಗುರುತಿನ ಪ್ಲಾಟಿನಂ ಕಂಪನಿಯ ಪ್ರೆಪ್ಪಿ ಪೆನ್ನಿನಂಥ ಸಣ್ಣ ತುದಿಯಿಂದ ಅಗಲ ಸ್ಟಬ್ ಬರಲಾರದು; ಅದಕ್ಕೆ ಹಣ ಹಾಕಬಾರದು. ಲ್ಯಾಮಿ ಸಫಾರಿ ಪೆನ್ನು ಇರುವವರು ಸಾಣೆಯ ಬದಲು 1.1 ಮಿ.ಮೀ. ಅಗಲದ ಚಪ್ಪಟೆ ತುದಿಯ ನಿಬ್ಬನ್ನೇ ಕೊಂಡು ತಾವೇ ಬದಲಿಸಿಕೊಳ್ಳಬಹುದು. ಎಕ್ಸ್ 750ಯಲ್ಲಿರುವುದು 6ನೇ ಸಂಖ್ಯೆಯ, ಕೈಯಿಂದ ಎಳೆದು ತೆಗೆಯಬಹುದಾದ ನಿಬ್ಬು. ನಾಳೆ ಪೆನ್ನಿನ ಮೈ ಬಿರುಕು ಬಿಟ್ಟರೂ ಅದೇ ಅಳತೆಯ ಇನ್ನೊಂದು ಪೆನ್ನಿಗೆ ನಿಬ್ಬನ್ನು ಸಾಮಾನ್ಯವಾಗಿ ಕೂರಿಸಬಹುದು. ಕೂಲಿ ತೆರಲು ನಾನು ಒಪ್ಪಿದ್ದು ಮುಖ್ಯವಾಗಿ ಇದಕ್ಕಾಗಿ.

ಕಳುಹಿಸುವವರು ಮಸಿಯನ್ನು ಪೂರ್ತಿ ತೊಳೆದು ತೆಗೆದು, ದಿನವೂ ಬಳಸುವ ಕಾಗದದ ಮೇಲೆ ಒತ್ತಕ್ಷರಗಳು ಧಾರಾಳವಾಗಿರುವ ಒಂದು ಪುಟವನ್ನು ತಮ್ಮ ಕೈಯಲ್ಲೇ ಬರೆದು ಪೆನ್ನಿನೊಂದಿಗೆ ಇಡಬೇಕು. ಕನ್ನಡ ಓದಲು ಬಾರದ ಕುಶಲಕರ್ಮಿಗೂ ಆ ಪುಟದಿಂದ ಗೆರೆ ಎಷ್ಟು ಅಗಲವಿರಬಹುದೆಂದು ತಿಳಿಯುತ್ತದೆ.